ಗದುಗಿನ ನಾದವಿದ್ಯಾಶಾಲೆ: ಅಂಧಬಾಲಕರ ಶಿಕ್ಷಣಕ್ರಮದ ವಿಚಾರ

ಪುಲಿಗೆರೆಯ ತಿರುಳ್ಗನ್ನಡವನ್ನು ಕುರಿತು ವಿದ್ವಾಂಸರು ಬಹಳ ಚರ್ಚೆ ಮಾಡಿರುವರು. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡೇ ಕನ್ನಡದ ತಿರುಳೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಸಾರಿರುವುದೂ, ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರವೆಂಬುದೂ ಸಾಹಿತ್ಯದ ಉಪಾಧ್ಯಾಯರಿಗೆಲ್ಲ ವಿದಿತವಾದ ಸಂಗತಿಗಳು. ಆದರೆ ಅದೇ ಪ್ರಕರಣದಲ್ಲಿ ನಾಡವರ ಜಾಣ್ಮೆಯನ್ನು ಹೊಗಳುತ್ತ ಗ್ರಂಥಕಾರನು ಆಡಿರುವ ಇನ್ನೊಂದು ಮಾತು ಪಾಠ ಹೇಳುವಾಗ ಸಾಮಾನ್ಯವಾಗಿ ಬೇಗನೆ ದಾಟಿಹೋಗುವಂಥದು. ಓದನ್ನೇ ಗುರಿಯಾಗಿಟ್ಟು ಅಭ್ಯಾಸ ಮಾಡದವರೂ ಈ ನಾಡಿನಲ್ಲಿ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಹೇಳಿದ ತರುವಾಯ, ಎಳೆಯ ಮಕ್ಕಳೂ ಮೂಗರೂ ಸಹ ತಮ್ಮ ವಿವೇಕವನ್ನು ಇತರರಿಗೆ ತಿಳಿಯಪಡಿಸಬಲ್ಲರೆಂದು ಅವನು ಸೇರಿಸಿರುವನು. ಅಲ್ಲಿ ಮೂಗರ ವಿಷಯದಲ್ಲಿ ಬಳಸಿದ ಧಾತು 'ನುಡಿ' ಎಂಬುದಲ್ಲ, 'ಅಱಿಪು' ಎಂಬುದು. ಅರಿವಂತೆ ಮಾಡುವುದು ಎಂಬಷ್ಟೇ ಅದರ ಅರ್ಥ. ಬಾಯಿಂದಲೋ ಕೈಯಿಂದಲೋ ಮುಖದಿಂದಲೋ ಎಂಬ ನಿರ್ಬಂಧ ಅದಕ್ಕಿಲ್ಲ. ಇದು ಹೊಗಳಿಕೆಯ ಮಾತು, ನಾಡಿನ ಜನಗಣತಿಯಲ್ಲ, ಎಂಬುದು ನಿಜ. ಆದರೂ ಅಂಗಹೀನತೆ ಬೇರೆ, ಅರಿವಿನ ಹೀನತೆ ಬೇರೆ, ಎಂಬ ವಿವೇಚನೆ ಆ ಹೊಗಳಿಕೆಯಲ್ಲಿ ಅಡಗಿದೆ. ಆ ವಿವೇಚನೆಯು ಅದೇ ನಾಡಿನಲ್ಲಿ, ಸಾವಿರ ವರ್ಷಗಳ ಮೇಲೆ, ಒಂದು ಶಿಕ್ಷಣಕ್ರಮವಾಗಿ ಹೇಗೆ ರೂಪುಗೊಂಡಿತು, ಮತ್ತು ಎಲ್ಲಿಗೆ ಬಂದು ನಿಂತಿತು, ಎಂಬುದೇ ಇಲ್ಲಿಯ ವಿಚಾರ.

ನಡುವಣ ಕಾಲದಲ್ಲಿ ಅಂಗಹೀನರ ಬಗೆಗೆ ನಾಡಿನ ಧರ್ಮಸಂಸ್ಥೆಗಳು ಉದಾಸೀನವಾಗಿದ್ದುವೆಂದು ತಿಳಿಯಬಾರದು. ಬಳ್ಳಿಗಾವೆಯ ಕೋಡಿಯ ಮಠದ ೧೧೬೨ರ ಶಾಸನವು ಇದಕ್ಕೆ ಪ್ರಸಿದ್ಧವಾದ ಸಾಕ್ಷಿ. ಆ ಮಠದಲ್ಲಿ ವ್ಯಾಕರಣ, ವೇದ, ಯೋಗಾದಿಗಳ ವ್ಯಾಖ್ಯಾನ ನಡೆಯುತ್ತಿದ್ದಿತು. ರೋಗಿಗಳಿಗೆ ಔಷಧವೂ ಹಸಿದವರಿಗೆ ಅನ್ನವೂ ದೊರೆಯುತ್ತಿದ್ದುವು. ಅನ್ನಕ್ಕೆ ಅರ್ಹರಾದವರ ಪಟ್ಟಿಯಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಎಂದು ಹೇಳಿ, ಅದರ ಬೆನ್ನಿಗೇ ಕಥೆ ಹೇಳುವವರು, ಹಾಡುವವರು, ಬಾಜಿಸುವವರು, ಕೊಳಲೂದುವವರು, ಕುಣಿಯುವವರು ಎಂದು ಶಾಸನಕಾರನು ಎಣಿಸುತ್ತಾನೆ. ಕುರುಡನೂ ಗಾಯಕನೂ ಒಂದೇ ವಾಕ್ಯದಲ್ಲಿ ಪಕ್ಕಪಕ್ಕದಲ್ಲಿ ಕುಳಿತಿರುವರು. ಆದರೆ ಅವರು ಎರಡು ಬೇರೆ ವರ್ಗದವರು. ಒಬ್ಬನಿಗೆ ಅನ್ನ ದೊರೆಯುವುದು ಅವನಿಗೆ ಇಲ್ಲದುದರ ದೆಸೆಯಿಂದ. ಇನ್ನೊಬ್ಬನಿಗೆ ಅವನು ಬಲ್ಲುದರ ದೆಸೆಯಿಂದ. ವ್ಯಾಖ್ಯಾನಶಾಲೆಯ ಬಾಗಿಲು ಮೊದಲನೆಯವನಿಗೆ ತೆರೆದಿದ್ದಿತೆಂದು ಆ ಶಾಸನದಲ್ಲಿ ಎಲ್ಲಿಯೂ ಹೇಳಿಲ್ಲ. ಈ ಎರಡು ಹೆಸರುಗಳ ನಡುವೆ ಇದ್ದ ಗೆರೆಯನ್ನು ಅಳಿಸಿದುದೇ ಗದುಗಿನ ವೀರೇಶ್ವರ ಪುಣ್ಯಾಶ್ರಮದ ನಿಜವಾದ ಇತಿಹಾಸ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಂಧಬಾಲಕರ ವಿದ್ಯೆಗೆ ಹೊಸ ಹಾದಿಗಳು ತೆರೆದಿದ್ದುವು. ಫ್ರಾನ್ಸ್ ದೇಶದ ಲೂಯಿ ಬ್ರೈಲ್ (೧೮೦೯–೧೮೫೨) ಎಂಬ ಅಂಧನು ಆರು ಚುಕ್ಕೆಗಳ ಉಬ್ಬುಲಿಪಿಯನ್ನು ೧೮೨೯ರಲ್ಲಿ ಪ್ರಕಟಿಸಿದ್ದನು. ೧೮೮೭ರಲ್ಲಿ ಆನಿ ಶಾರ್ಪ್ ಎಂಬ ಮಿಶನರಿ ಮಹಿಳೆಯು ಅಮೃತಸರದಲ್ಲಿ ಹಿಂದುಸ್ಥಾನದ ಮೊದಲನೆಯ ಅಂಧಶಾಲೆಯನ್ನು ತೆರೆದಳು. ಅದೇ ವರ್ಷ ಅಮೇರಿಕೆಯಲ್ಲಿ ಕಣ್ಣು, ಕಿವಿ, ಮಾತು ಮೂರೂ ಇಲ್ಲದ ಹೆಲೆನ್ ಕೆಲ್ಲರ್ ಎಂಬ ಬಾಲಿಕೆಯ ಅಂಗೈಯ ಮೇಲೆ ಆನ್ ಸಲಿವನ್ ಎಂಬ ಶಿಕ್ಷಕಿಯು ಬೆರಳಿನಿಂದ ಅಕ್ಷರಗಳನ್ನು ಮೂಡಿಸತೊಡಗಿದಳು. ಮೈಸೂರು ಸಂಸ್ಥಾನದಲ್ಲಿ ೧೯೦೧ರಲ್ಲಿ ಕಿವುಡರಿಗೂ ಕುರುಡರಿಗೂ ಶಾಲೆಯುಂಟಾಯಿತು. ಆದರೆ ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ ಸೀಮೆಯ ಹಳ್ಳಿಗಳಿಗೆ ಅವೆಲ್ಲ ದೂರದ ಮಾತುಗಳು. ಡೆಪ್ಯುಟಿ ಚನ್ನಬಸಪ್ಪನವರ ಪರಿಶ್ರಮದಿಂದ ಆ ಸೀಮೆಯಲ್ಲಿ ಕನ್ನಡ ಶಾಲೆಗಳು ಹಬ್ಬಿದುದು ನಾಡಿನ ಭಾಗ್ಯವೇ ಸರಿ. ಆದರೂ ಪಾಟಿ, ಬಳಪ, ಅಚ್ಚಾದ ಪಠ್ಯಪುಸ್ತಕಗಳ ಆ ಹೊಸ ಶಾಲೆಯಲ್ಲಿ ಅಂಧಬಾಲಕನಿಗೆ ಮಾಡತಕ್ಕ ಕೆಲಸವೇ ಇರಲಿಲ್ಲವೆಂಬುದನ್ನು ಒಪ್ಪಬೇಕು. ಅಮರಕೋಶವನ್ನು ಎಲ್ಲರೂ ಬಾಯಿಪಾಠ ಮಾಡುತ್ತಿದ್ದ ಹಳೆಯ ಮಠದ ಪಡಸಾಲೆಯಲ್ಲಿ ಅವನು ಉಳಿದವರೊಡನೆ ಒಂದೇ ಸಾಲಿನಲ್ಲಿ ಕೂಡಬಹುದಾಗಿದ್ದಿತು. ವಿದ್ಯೆಯು ಕಿವಿಯಿಂದ ಕಣ್ಣಿಗೆ ಸಾಗಿದಂತೆಲ್ಲ ಅವನು ಸಾಲಿನಿಂದ ಹೊರಬಿದ್ದನು.

ಇಂಥ ಕಾಲದಲ್ಲಿ, ೧೮೯೨ನೆಯ ಫೆಬ್ರುವರಿ ೨ರಂದು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ ಮತ್ತು ನೀಲಮ್ಮ ಎಂಬ ದಂಪತಿಗಳಿಗೆ ಗದಿಗೆಯ್ಯನೆಂಬ ಮಗನು ಹುಟ್ಟಿದನು. ಹುಟ್ಟಿನಿಂದಲೇ ಅವನಿಗೆ ಕಣ್ಣಿರಲಿಲ್ಲ. ಅವನ ಅಣ್ಣನೂ ಅಂಧನೇ. ಈ ಬಾಲಕರ ಕಂಠವನ್ನು ಕೇಳಿ ಮೆಚ್ಚಿ ಅವರನ್ನು ವಿದ್ಯೆಗೆ ಹಚ್ಚಿದವರು ಹಾನಗಲ್ಲ ಕುಮಾರಸ್ವಾಮಿಗಳು (೧೮೬೭–೧೯೩೦). ಅಖಿಲ ಭಾರತ ವೀರಶೈವ ಮಹಾಸಭೆಯನ್ನು ೧೯೦೪ರಲ್ಲಿಯೂ, ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಶಿವಯೋಗಮಂದಿರವನ್ನು ೧೯೦೯ರಲ್ಲಿಯೂ ಸ್ಥಾಪಿಸಿದ ಈ ಮಹನೀಯರ ಕಾರ್ಯಗಳಲ್ಲಿ ಅಂಧಬಾಲಕರ ವಿದ್ಯಾಭ್ಯಾಸವು ಒಂದು ಸಣ್ಣ ಕವಲಿನಂತೆ ಆಗ ತೋರಿರಬಹುದು. ಗದಿಗೆಯ್ಯನು ಮೊದಲು ಕರ್ಣಾಟಕ ಪದ್ಧತಿಯನ್ನೂ, ತರುವಾಯ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಹಿಂದುಸ್ಥಾನಿ ಪದ್ಧತಿಯನ್ನೂ ಕಲಿತು, ಪಂಚಾಕ್ಷರ ಗವಾಯಿಗಳೆಂದು ಹೆಸರಾದರು. ವೀರಶೈವ ಮಠದ ಆಶ್ರಯದಲ್ಲಿದ್ದ ಅಂಧನೊಬ್ಬನು ಮುಸಲ್ಮಾನ ಉಸ್ತಾದರ ಮುಂದೆ ಕುಳಿತು ಕಲಿತುದು ಆ ಸೀಮೆಯಲ್ಲಿ ಸೋಜಿಗದ ಸಂಗತಿಯಾಗಿರಲಿಲ್ಲ. ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ, ಶಿರಹಟ್ಟಿಯು ಸಾಂಗಲಿಗೂ, ಕುಂದಗೋಳವು ಜಮಖಂಡಿಗೂ ಸೇರಿದ್ದ ಕಾಲವದು. ಆ ಸಂಸ್ಥಾನಗಳ ಹಾದಿಯಲ್ಲಿಯೇ ಹಿಂದುಸ್ಥಾನಿ ಗಾಯನವು ಕನ್ನಡ ನಾಡಿನೊಳಕ್ಕೆ ಇಳಿದು ಬಂದಿತು.

ಗವಾಯಿಗಳ ಚರಿತ್ರೆಯನ್ನು ಹೇಳುವವರು ಅವರ ವಿದ್ಯೆಯನ್ನು 'ಅಂತಶ್ಚಕ್ಷು' ಎಂದೋ 'ದಿವ್ಯದೃಷ್ಟಿ' ಎಂದೋ ವರ್ಣಿಸುವುದು ವಾಡಿಕೆ. ಭಕ್ತರ ಮಾತಾಗಿ ಅದು ಸಹಜವಾದುದು. ಇತಿಹಾಸದ ಮಾತಾಗಿ ಸಾಲದು. ಪವಾಡವೆಂದು ಹೇಳಿದೊಡನೆ ವಿಚಾರವು ಮುಗಿದು, ಆ ಬಾಲಕನು ಯಾವ ಕ್ರಮದಿಂದ ಕಲಿತನು, ತಾನು ಕಲಿತುದನ್ನು ಇತರ ಅಂಧಬಾಲಕರಿಗೆ ಹೇಗೆ ಕಲಿಸಿದನು, ಎಂಬ ಪ್ರಶ್ನೆಯೇ ಹುಟ್ಟದೆ ಹೋಗುವುದು. ಪವಾಡವು ಒಬ್ಬನಿಗೆ ಒದಗುವಂಥದು. ಕ್ರಮವಾದರೋ ನೂರಾರು ಮಂದಿಗೆ ಒದಗಿದ್ದಿತು.

ಆ ಕ್ರಮವು ಹೊಸದಾಗಿ ಕಲ್ಪಿಸಿದುದಲ್ಲವೆಂಬುದೇ ಅದರ ವೈಶಿಷ್ಟ್ಯ. ಸಂಗೀತವಿದ್ಯೆಯು ನಮ್ಮಲ್ಲಿ ಕಣ್ಣಿದ್ದವರಿಗೂ ಕಿವಿಯಿಂದಲೇ ಬರತಕ್ಕದ್ದು. ಗುರುವು ಸ್ವರಗುಚ್ಛವೊಂದನ್ನು ಹಾಡುವನು. ಶಿಷ್ಯನು ಹಾಗೆಯೇ ಹಾಡಿ ಒಪ್ಪಿಸುವನು. ತಪ್ಪಿದರೆ ಗುರುವು ಬಿಡಿಸಿ ಹೇಳದೆ ಮತ್ತೆ ಹಾಡುವನು. ಈ ವಿನಿಮಯದಲ್ಲಿ ಕಾಗದಕ್ಕೆ ಸ್ಥಳವಿಲ್ಲ. ತಬಲದ ಪಾಠದಲ್ಲಿ ಇನ್ನೂ ವಿಶೇಷವಾದ ಸೌಕರ್ಯವುಂಟು. ಧಾ, ಧಿನ್, ನಾ, ತಿನ್ ಮೊದಲಾದ ಬೋಲುಗಳು ಒಂದೊಂದೂ ಕೈಯ ಒಂದೊಂದು ಪೆಟ್ಟಿನ ಹೆಸರು. ಯಾವ ಬೆರಳು, ಚರ್ಮದ ಯಾವ ಭಾಗ, ಪೆಟ್ಟು ತೆರೆದುದೋ ಮುಚ್ಚಿದುದೋ, ಎಂಬುದೆಲ್ಲ ಆ ಒಂದು ಅಕ್ಷರದಲ್ಲಿ ಅಡಕವಾಗಿರುವುದು. ಬಾಲಕನು ಹದಿನಾರು ಮಾತ್ರೆಗಳ ತೀನತಾಲವನ್ನು ಮೊದಲು ಬಾಯಲ್ಲಿ ಹೇಳಿ ಕಲಿತು, ಆಮೇಲೆ ಕೈಗೆ ಇಳಿಸುವನು. ಬಾಯಿಯ ನುಡಿಯು ಕೈಯ ಚಲನೆಗೆ ಲಿಪಿಯಾಗುವ ಈ ವ್ಯವಸ್ಥೆಯನ್ನು ಅಂಧರಿಗಾಗಿ ಯಾರೂ ಮಾಡಿದುದಲ್ಲ. ಅಂಧನಿಗೆ ಇದಕ್ಕಿಂತ ಹಿತವಾದುದನ್ನು ಯಾರಾದರೂ ಕಲ್ಪಿಸಬಲ್ಲರೆಂದೂ ತೋರುವುದಿಲ್ಲ.

ಹಾರ್ಮೋನಿಯಮ್ ವಾದ್ಯದ ಮಾತೂ ಹೀಗೆಯೇ. ಪಶ್ಚಿಮದಿಂದ ಬಂದ ಈ ಪೆಟ್ಟಿಗೆಯನ್ನು ಶುದ್ಧ ಸಂಗೀತದ ಪಕ್ಷದವರು ಬಹುಕಾಲ ಹಳಿದರು. ಸ್ವರವು ಜಾರದ, ಮೀಂಡಿಲ್ಲದ ವಾದ್ಯವೆಂಬುದು ಅವರ ಆಕ್ಷೇಪಣೆ. ಅದು ಸುಳ್ಳೂ ಅಲ್ಲ. ಆದರೆ ಅದರ ಕರಿಯ ಮನೆಗಳು ಬಿಳಿಯವುಗಳಿಗಿಂತ ಎತ್ತರವಾಗಿ, ಎರಡರದೊಂದು ಮೂರರದೊಂದು ಗುಂಪಾಗಿ ನಿಂತಿರುವುವು. ಎರಡರ ಗುಂಪನ್ನು ಮುಟ್ಟಿದ ಬೆರಳು ತಾನು ಸಪ್ತಕದ ಯಾವ ಭಾಗದಲ್ಲಿರುವೆನೆಂಬುದನ್ನು ಕಣ್ಣಿನ ಸಹಾಯವಿಲ್ಲದೆ ಅರಿಯುವುದು. ಮೊದಮೊದಲು ಗುರುವಿನ ಕೈ ಶಿಷ್ಯನ ಕೈಯ ಮೇಲೆ ಇರುವುದು. ಬರಬರುತ್ತ ಅದು ಹಗುರಾಗಿ, ಒಂದು ದಿನ ಎದ್ದುಹೋಗುವುದು. ಗುರುವೂ ಅಂಧನಾದರೆ ಈ ಪಾಠದಲ್ಲಿ ಒಂದು ಲಾಭವುಂಟು: ಶಿಷ್ಯನಿಗೆ ಯಾವುದು ತಿಳಿಯದೆಂಬುದು ಅವನಿಗೆ ಚೆನ್ನಾಗಿ ತಿಳಿದಿರುವುದು. 'ಇಗೋ, ಹೀಗೆ' ಎಂದು ತೋರಿಸುವ ಸುಲಭೋಪಾಯ ಅವನಿಗಿಲ್ಲದುದರಿಂದ, ತೋರಿಸುವುದನ್ನೆಲ್ಲ ಅವನು ನುಡಿಯನ್ನಾಗಿಯೋ ಸ್ಪರ್ಶವನ್ನಾಗಿಯೋ ಮಾರ್ಪಡಿಸಲೇಬೇಕು.

ಸಾಹಿತ್ಯದ ವಿಷಯವು ಉಪಾಧ್ಯಾಯರಿಗೆ ಇನ್ನೂ ಹತ್ತಿರದ್ದು. ವಚನಗಳು, ನಿಜಗುಣ ಶಿವಯೋಗಿಗಳ ಮತ್ತು ಸರ್ಪಭೂಷಣ ಶಿವಯೋಗಿಗಳ ಪದಗಳು ಹಾಡಿಕೆಯ ದ್ರವ್ಯಗಳಾಗಿದ್ದು, ಅವುಗಳನ್ನು ಹಾಡಲು ಕಲಿಯುವ ಬಾಲಕನಿಗೆ ಅವೇ ವಾಚಕಗಳೂ ಆಗುವುವು. ರಾಗವು ನೆನಪಿಗೆ ಊರುಗೋಲು. ತಾಳವು ಮಾತ್ರಾಗಣದ ಲೆಕ್ಕ. ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ನಡಿಗೆಯನ್ನು ಪ್ರಸ್ತಾರ ಹಾಕಿ ಕಲಿಯುವ ವಿದ್ಯಾರ್ಥಿಗಿಂತ ತೊಡೆಯ ಮೇಲೆ ತಾಳ ಹಾಕಿ ಕಲಿತವನು ಛಂದಸ್ಸಿನ ಮರ್ಮಕ್ಕೆ ಹೆಚ್ಚು ಸಮೀಪದಲ್ಲಿರುವನೆಂದರೆ ತಪ್ಪಾಗಲಾರದು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನು ಭಾರತವನ್ನು ರಚಿಸಿದನೆಂಬ ಪ್ರತೀತಿಯುಳ್ಳ ಊರಿನಲ್ಲಿ ಈ ಮಾತನ್ನು ವಿಸ್ತರಿಸಬೇಕಾದ ಅಗತ್ಯವಿಲ್ಲ. ಆ ಕಾವ್ಯವು ಜನರಿಗೆ ಮುಟ್ಟಿದುದು ಓದುವವರಿಂದಲ್ಲ, ವಾಚಿಸುವವರಿಂದ.

ಪಂಚಾಕ್ಷರ ಗವಾಯಿಗಳ ಪಾಠಶಾಲೆಯು ೧೯೧೪ರಲ್ಲಿ ನಿಡಗುಂದಿಕೊಪ್ಪದಲ್ಲಿ ಆರಂಭವಾದಾಗ ಅದಕ್ಕೆ ನಿಂತ ನೆಲೆಯಿರಲಿಲ್ಲ. ಅದು ಸಂಚಾರಿ ಸಂಗೀತ ಪಾಠಶಾಲೆ. ಗುರುವೂ ಶಿಷ್ಯರೂ ವಾದ್ಯಗಳೂ ಊರಿಂದೂರಿಗೆ ಸಾಗುವುದು. ಭಕ್ತರು ಕೊಟ್ಟಲ್ಲಿ ಉಣ್ಣುವುದು. ಮಠದಲ್ಲಿಯೋ ಗುಡಿಯಲ್ಲಿಯೋ ಪಾಠ ನಡೆಸುವುದು. ಇದನ್ನು ಬಡತನದ ಲಕ್ಷಣವೆಂದು ಮಾತ್ರ ಎಣಿಸುವುದು ಸರಿಯಲ್ಲ. ಶಾಲೆಗೆ ಬರಲಾರದ ಮಗುವಿದ್ದಲ್ಲಿಗೆ ಶಾಲೆಯೇ ಹೋದಂತಾಯಿತು. ಅಂಧಬಾಲಕನನ್ನು ನೂರು ಹರದಾರಿ ದೂರದ ಊರಿಗೆ ಕಳುಹಿಸಲು ತಾಯಿತಂದೆಗಳು ಒಪ್ಪುವುದು ಕಷ್ಟ. ಆದರೆ ತಮ್ಮೂರಿನ ಜಾತ್ರೆಯಲ್ಲಿ ಅಂಥದೇ ಹುಡುಗನೊಬ್ಬನು ಸಭೆಯ ನಡುವೆ ಕುಳಿತು ಹಾಡುವುದನ್ನು ಕಂಡವರಿಗೆ ಬೇರೆ ಉಪದೇಶ ಬೇಕಾಗಲಿಲ್ಲ.

ಈ ಸಂಸಾರದ ಖರ್ಚನ್ನು ತೂಗಿಸಲು ಗವಾಯಿಗಳು ನಾಟಕ ಮಂಡಳಿಯನ್ನೂ ನಡೆಸಿದರು. ಗದುಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಶಿರಹಟ್ಟಿಯಲ್ಲಿ ವೆಂಕೋಬರಾಯರ ಮಹಾಲಕ್ಷ್ಮೀ ಪ್ರಾಸಾದಿಕ ನಾಟಕ ಮಂಡಳಿ, ಇವು ಮೆರೆದ ಕಾಲ ಮತ್ತು ಪ್ರಾಂತ ಅದೇ. ಅಂದಿನ ನಾಟಕವೆಂದರೆ ಮುಕ್ಕಾಲು ಪಾಲು ಸಂಗೀತ. ಹಾರ್ಮೋನಿಯಮ್ ಮಾಸ್ತರನಿಲ್ಲದೆ ಪರದೆ ಏಳುತ್ತಿರಲಿಲ್ಲ. ಹೀಗಾಗಿ ನಾಟಕ ಕಂಪನಿಯು ಅಂಧ ವಿದ್ಯಾರ್ಥಿಗೆ ಅನ್ನದ ಮೂಲವಾದುದಲ್ಲದೆ, ಕಣ್ಣುಳ್ಳ ನಟನ ಮಾತಿಗೆ ತನ್ನ ಸ್ವರವನ್ನು ಹೊಂದಿಸುವ ಅಭ್ಯಾಸಶಾಲೆಯೂ ಆಯಿತು.

ಗವಾಯಿಗಳ ಶಿಷ್ಯರೆಲ್ಲರೂ ಅಂಧರಾಗಿರಲಿಲ್ಲವೆಂಬುದು ಈ ಇತಿಹಾಸದಲ್ಲಿ ಅತ್ಯಂತ ಗಮನಾರ್ಹವಾದ ಅಂಶ. ಯಲಿವಾಳದ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮೊದಲಾದ ದೃಷ್ಟಿಯುಳ್ಳ ಗಾಯಕರು ಇದೇ ಗುರುವಿನ ಬಳಿ ಕಲಿತರು. ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ೧೯೩೬ರಲ್ಲಿ ಹಂಪೆಯಲ್ಲಿ ಜರುಗಿದಾಗ ರಾಜಗುರುಗಳು ಮೊದಲ ಬಾರಿಗೆ ಮಹಾಸಭೆಯಲ್ಲಿ ಹಾಡಿದರು. ಆಗ ತಬಲದ ಸಾಥಿಗೆ ಕುಳಿತವರು ಸ್ವತಃ ಗುರುಗಳೇ ಎಂದು ಪ್ರಸಿದ್ಧವಾಗಿದೆ. ಯುರೋಪಿನಲ್ಲಿಯೂ ಅದನ್ನನುಸರಿಸಿದ ಹಿಂದುಸ್ಥಾನದ ಶಾಲೆಗಳಲ್ಲಿಯೂ ಅಂಧರನ್ನು ಪ್ರತ್ಯೇಕವಾಗಿರಿಸಿ ಕಲಿಸುವ ಪದ್ಧತಿಯೇ ಬೆಳೆಯಿತು. ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಬೇಕೆಂಬ ವಾದವು ಶಿಕ್ಷಣಶಾಸ್ತ್ರದಲ್ಲಿ ಬಲಗೊಂಡುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಗವಾಯಿಗಳ ಪಾಠಶಾಲೆಯಲ್ಲಿ ಅದು ವಾದವಾಗಿರಲಿಲ್ಲ. ವಿದ್ಯೆ ಕಿವಿಯದಾದುದರಿಂದ ಇಬ್ಬರನ್ನೂ ಬೇರ್ಪಡಿಸುವ ಕಾರಣವೇ ಅಲ್ಲಿ ಇರಲಿಲ್ಲ. ದೃಷ್ಟಿಯುಳ್ಳ ಶಿಷ್ಯನು ಅಂಧನಾದ ಗುರುವಿನಲ್ಲಿ ಶಿಷ್ಯವೃತ್ತಿ ಮಾಡಿದಾಗ, ಯಾರು ಯಾರಿಗೆ ಉಪಕಾರ ಮಾಡಿದರೆಂಬ ಲೆಕ್ಕವು ತಾನಾಗಿಯೇ ತಿರುಗಿಬೀಳುವುದು.

ಊರೂರು ಅಲೆದ ಪಾಠಶಾಲೆಯು ೧೯೪೨ರಲ್ಲಿ ಗದುಗಿನಲ್ಲಿ ನೆಲೆಗೊಂಡಿತು. ಬಸರಿಗಿಡದ ವೀರಪ್ಪನವರೆಂಬ ದಾನಿಗಳು ನೆಲೆಯನ್ನೊದಗಿಸಿದರು. ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಾಯಿತು. ಅರಳೆಯ ಪೇಟೆಯಾದ ಗದಗ, ನೇಕಾರರ ಊರಾದ ಬೆಟಗೇರಿ, ಎರಡೂ ಕೂಡಿದ ಈ ನಗರವು ರೈಲುಮಾರ್ಗಗಳ ಸಂಧಿಸ್ಥಾನವಾಗಿದ್ದುದು ಇಂಥ ಸಂಸ್ಥೆಗೆ ಅನುಕೂಲವಾಯಿತು. ನೆಲೆಗೊಂಡ ಎರಡು ವರ್ಷಕ್ಕೆ, ೧೯೪೪ನೆಯ ಜೂನ್ ೧೧ರಂದು, ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಆಗ ಆಶ್ರಮದ ಭಾರವನ್ನು ಹೊತ್ತವರು ಶಿಷ್ಯರಾದ ಪುಟ್ಟರಾಜ ಗವಾಯಿಗಳು. ೧೯೧೪ನೆಯ ಮಾರ್ಚ್ ೩ರಂದು ಹಾನಗಲ್ಲ ತಾಲೂಕಿನಲ್ಲಿ ಜನಿಸಿದ ಇವರು ಹಸುಗೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡು, ಸೋದರಮಾವನ ಆಶ್ರಯದಲ್ಲಿ ಬೆಳೆದು, ಬಾಲ್ಯದಲ್ಲಿಯೇ ಗುರುಗಳ ಕೈಸೇರಿದ್ದರು. ಗುರುವಿನ ತರುವಾಯ ಅರುವತ್ತಾರು ವರ್ಷಗಳ ಕಾಲ, ೨೦೧೦ನೆಯ ಸೆಪ್ಟೆಂಬರ್ ೧೭ರಂದು ಲಿಂಗೈಕ್ಯರಾಗುವವರೆಗೆ, ಆಶ್ರಮವನ್ನು ನಡೆಸಿದರು. ಅದೇ ವರ್ಷ ಭಾರತ ಸರಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತ್ತು. ಅವರ ಬಳಿ ಕಲಿತ ದೃಷ್ಟಿಯುಳ್ಳವರಲ್ಲಿ ಪಂಡಿತ ವೆಂಕಟೇಶಕುಮಾರರು ದೇಶದಲ್ಲೆಲ್ಲ ಪ್ರಸಿದ್ಧರಾಗಿರುವರು.

ಪುಟ್ಟರಾಜ ಗವಾಯಿಗಳಲ್ಲಿ ಸಾಹಿತ್ಯಚರಿತ್ರೆಯು ಗಮನಿಸಬೇಕಾದುದು ಅವರ ಗ್ರಂಥಕರ್ತೃತ್ವ. ಅನೇಕ ವಾದ್ಯಗಳನ್ನು ನುಡಿಸುತ್ತಿದ್ದ ಇವರು ಕನ್ನಡ, ಸಂಸ್ಕೃತ, ಹಿಂದಿ ಎಂಬ ಮೂರು ಭಾಷೆಗಳಲ್ಲಿ ಕಾವ್ಯ, ನಾಟಕ, ಪುರಾಣಗಳನ್ನು ರಚಿಸಿರುವರು. ಬಸವಪುರಾಣವನ್ನು ಹಿಂದಿಗೆ ತಂದಿರುವರು. ಕವಿಯು ಹೇಳಿದುದನ್ನು ಲಿಪಿಕಾರನು ಬರೆದುಕೊಳ್ಳುವ ವಾಡಿಕೆಯು ನಮ್ಮ ಪರಂಪರೆಗೆ ಹೊಸದಲ್ಲ. ವ್ಯಾಸ-ಗಣಪತಿಯರ ಕಥೆಯೇ ಅದಕ್ಕೆ ಮೂಲಪ್ರತಿಮೆಯಾಗಿರುವುದು. ಬರೆಯುವ ಕೈಯೂ ರಚಿಸುವ ಮತಿಯೂ ಒಂದೇ ದೇಹದಲ್ಲಿರಬೇಕೆಂಬುದು ಇತ್ತೀಚಿನ ಅಭಿಪ್ರಾಯ. ಅಂಧಕವಿಯ ಗ್ರಂಥವನ್ನು ನೋಡಿ ಆಶ್ಚರ್ಯಪಡುವವರು ತಾವೇ ಆ ಇತ್ತೀಚಿನ ಅಭಿಪ್ರಾಯಕ್ಕೆ ಒಳಗಾಗಿರುವುದನ್ನು ಮರೆತಿರುವರು.

ಕಲಿತವನ ಮುಂದಿನ ಬಾಳಿನ ಪ್ರಶ್ನೆಯೂ ಇಲ್ಲಿ ಬರುವುದು. ಎಷ್ಟೋ ವಿಶೇಷಶಾಲೆಗಳು ಎಡವಿದುದು ಈ ಸ್ಥಳದಲ್ಲಿಯೇ. ಕುರ್ಚಿ ಹೆಣೆಯುವುದನ್ನೋ ಚಾಪೆ ನೇಯುವುದನ್ನೋ ಕಲಿಸಿ ಕಳುಹಿಸಿದರೆ, ಯಂತ್ರದ ಸರಕಿನ ಮುಂದೆ ಆ ಕಸಬು ನಿಲ್ಲುತ್ತಿರಲಿಲ್ಲ. ಗದುಗಿನ ಸುತ್ತಲಿನ ಸ್ಥಿತಿ ಬೇರೆ. ಗದುಗಿನ ತೋಂಟದಾರ್ಯ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಹಿಂದೂ-ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠ, ಇಂಥ ದೊಡ್ಡ ಮಠಗಳೂ ಹಳ್ಳಿಹಳ್ಳಿಯ ಚಿಕ್ಕ ಮಠಗಳೂ ದಟ್ಟವಾಗಿರುವ ಸೀಮೆಯಿದು. ಶ್ರಾವಣಮಾಸದಲ್ಲಿಯೂ ಜಾತ್ರೆಗಳಲ್ಲಿಯೂ ಪುರಾಣ ಹಚ್ಚುವುದು ಈ ಸೀಮೆಯ ರೂಢಿ. ಪುರಾಣಕ್ಕೆ ಪ್ರವಚನಕಾರನೆಷ್ಟು ಅಗತ್ಯವೋ, ಪದ್ಯವನ್ನು ಹಾಡುವ ಗವಾಯಿಯೂ ತಬಲಜಿಯೂ ಅಷ್ಟೇ ಅಗತ್ಯ. ಹೀಗೆ ಆಶ್ರಮದಿಂದ ಹೊರಬಿದ್ದವನಿಗೆ ಕೆಲಸವು ಮೊದಲೇ ಕಾದಿದ್ದಿತು. ಬಳ್ಳಿಗಾವೆಯ ಪಟ್ಟಿಯ ಭಾಷೆಯಲ್ಲಿ ಹೇಳುವುದಾದರೆ, ಅವನು ಅಂಧರ ಸಾಲಿನಿಂದೆದ್ದು ಗಾಯಕರ ಸಾಲಿನಲ್ಲಿ ಕುಳಿತನು. ಊರವರು ಅವನನ್ನು ಕರೆಯುವ ಹೆಸರೂ ಬದಲಾಯಿತು. 'ಗವಾಯಿಗಳು' ಎಂಬುದು ಗೌರವದ ಬಹುವಚನ.

ಇನ್ನು ಉಬ್ಬುಲಿಪಿಯ ವಿಚಾರ. ಹಿಂದುಸ್ಥಾನದಲ್ಲಿ ಬಹುಕಾಲ ಒಂದೊಂದು ಶಾಲೆಗೆ ಒಂದೊಂದು ಸಂಕೇತಪದ್ಧತಿಯಿದ್ದು, ಮೈಸೂರಿನ ಕನ್ನಡ ಪದ್ಧತಿಯೂ ಅವುಗಳಲ್ಲೊಂದಾಗಿದ್ದಿತು. ೧೯೫೧ರಲ್ಲಿ ದೇಶದ ಭಾಷೆಗಳಿಗೆಲ್ಲ ಸಮಾನವಾದ ಭಾರತೀ ಬ್ರೈಲ್ ಸಿದ್ಧವಾಯಿತು. ಒಂದು ಧ್ವನಿಗೆ ಯಾವ ಭಾಷೆಯಲ್ಲಾದರೂ ಒಂದೇ ಚುಕ್ಕೆಗಳ ಗುಂಪು ಎಂಬುದು ಅದರ ಸೂತ್ರ. ಕಾಗುಣಿತದ ಸ್ವರಚಿಹ್ನೆಗಳು ಅದರಲ್ಲಿ ವ್ಯಂಜನಕ್ಕೆ ಅಂಟಿಕೊಳ್ಳದೆ ಪ್ರತ್ಯೇಕ ಮನೆಯಲ್ಲಿ ಕೂಡ್ರುವುವು. ಒತ್ತಕ್ಷರವು ಕೆಳಗಿಳಿಯದೆ ಸಾಲಿನಲ್ಲಿಯೇ ಮುಂದುವರಿಯುವುದು. ಕನ್ನಡ ಲಿಪಿಯ ಸುತ್ತುಗಳೆಲ್ಲ ಬಿಚ್ಚಿ, ಕೇಶಿರಾಜನು ಹೇಳುವ ವರ್ಣಕ್ರಮವೇ ಬೆರಳಿಗೆ ಸಿಕ್ಕಂತಾಗುವುದೆಂಬುದು ವೈಯಾಕರಣರು ಮೆಚ್ಚತಕ್ಕ ವಿಷಯ. ಪುಟ್ಟರಾಜ ಗವಾಯಿಗಳೂ ಇದನ್ನು ತಿರಸ್ಕರಿಸಲಿಲ್ಲ. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದರು. ಮೂಲದಲ್ಲಿ ಲೂಯಿ ಬ್ರೈಲನೂ ಚರ್ಚಿನ ಆರ್ಗನ್ ವಾದಕನೇ ಆಗಿದ್ದು, ಅವನ ೧೮೨೯ರ ಪುಸ್ತಕವು ಮಾತಿನೊಡನೆ ಸಂಗೀತವನ್ನೂ ಚುಕ್ಕೆಗಳಿಂದ ಬರೆಯುವ ವಿಧಾನವನ್ನು ನಿರೂಪಿಸಿತ್ತು. ಆದುದರಿಂದ ನಾದದ ಹಾದಿ, ಲಿಪಿಯ ಹಾದಿ ಎಂದು ಎರಡನ್ನು ವಿರೋಧಿಗಳೆಂದು ತಿಳಿಯಬೇಕಾಗಿಲ್ಲ. ನಾದವು ಸಭೆಗೆ ಕರೆದೊಯ್ಯುವುದು. ಏಕಾಂತದಲ್ಲಿ, ಯಾರ ಹಂಗೂ ಇಲ್ಲದೆ, ಬೇಕಾದ ಪುಟವನ್ನು ಮತ್ತೆ ತೆರೆದು ಓದುವ ಸ್ವಾತಂತ್ರ್ಯವನ್ನು ಲಿಪಿಯೇ ಕೊಡಬೇಕು. ಗದುಗಿನ ಮೊದಲ ತಲೆಮಾರಿನ ಶಿಷ್ಯರಿಗೆ ಈ ಎರಡನೆಯದು ದೊರೆಯಲಿಲ್ಲವೆಂಬುದನ್ನು ಮುಚ್ಚಿಡಬಾರದು.

ಮುಚ್ಚಿಡಬಾರದ ಮತ್ತೊಂದು ಮಾತುಂಟು. ಗದುಗಿನ ಕ್ರಮವು ಒಂದು ಇಂದ್ರಿಯದ ಕೊರತೆಯನ್ನು ಉಳಿದ ಇಂದ್ರಿಯಗಳಿಂದ ತುಂಬಿಕೊಡುವ ಕ್ರಮ. ಕಣ್ಣಿಲ್ಲದಲ್ಲಿ ಕಿವಿಯೂ ಕಂಠವೂ ಕೈಯೂ ಚುರುಕಾಗಿರಬೇಕು. ಕಿವುಡನಾದ ಬಾಲಕನಿಗೆ ಈ ಶಾಲೆಯಲ್ಲಿ ಪಾಠವಿಲ್ಲ. ಹುಟ್ಟಿದಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲುಗಳೂ ನಾಲಗೆಯೂ ಸ್ವಾಧೀನದಲ್ಲಿಲ್ಲದ ಮಗುವಿನ ಪಾಡಂತೂ ಕಠಿನತರವಾದುದು. ಎಲ್ಲವನ್ನೂ ಕೇಳಿ ಅರ್ಥಮಾಡಿಕೊಳ್ಳುವ ಮಗು ಒಂದು ಸ್ವರವನ್ನೂ ಒಂದು ಬೋಲನ್ನೂ ಒಪ್ಪಿಸಲಾರದು. ಒಪ್ಪಿಸಲಾರದ್ದನ್ನು ನೋಡಿ ಅರ್ಥವಾಗಿಲ್ಲವೆಂದು ಹಿರಿಯರು ತೀರ್ಮಾನಿಸುವರು. ಕವಿರಾಜಮಾರ್ಗಕಾರನು ಬೇರ್ಪಡಿಸಿ ನೋಡಿದ ಅರಿವು ಮತ್ತು ನುಡಿಗಳು ಇಲ್ಲಿ ಮತ್ತೆ ಒಂದೆನಿಸಿಬಿಡುವುವು. ಲಕ್ಷ್ಮೇಶ್ವರದ ಓಣಿಯಲ್ಲಾಗಲಿ ಮುಂಡರಗಿಯ ಹಳ್ಳಿಯಲ್ಲಾಗಲಿ ಇಂಥ ಮಗುವಿನ ಬದುಕು ಬಹುಕಾಲ ಮನೆಯ ನಡುಮನೆಯಲ್ಲಿಯೇ ಕಳೆಯಿತು. ತಾಯಿಯೊಬ್ಬಳೇ ಅದರ ಕಣ್ಸನ್ನೆಯ ಭಾಷ್ಯಕಾರಳು.

ಇಂಥ ಮಕ್ಕಳಿಗೆ ಅಱಿಪುವ ಸಾಧನವನ್ನು ಹುಡುಕುವ ಕೆಲಸವು ಲೋಕದಲ್ಲಿಯೇ ತಡವಾಗಿ ಆರಂಭವಾಯಿತು. ಚಾರ್ಲ್ಸ್ ಬ್ಲಿಸ್ ಎಂಬವನು ಭಾಷಾಭೇದವಿಲ್ಲದೆ ಎಲ್ಲ ದೇಶದವರಿಗೂ ತಿಳಿಯುವ ಚಿತ್ರಸಂಕೇತಗಳ ಲಿಪಿಯೊಂದನ್ನು ರಚಿಸಿ ೧೯೪೯ರಲ್ಲಿ ಪ್ರಕಟಿಸಿದನು. ಅವನ ಮನಸ್ಸಿನಲ್ಲಿದ್ದುದು ರಾಷ್ಟ್ರಗಳ ಸೌಹಾರ್ದ, ಅಂಗವಿಕಲ ಮಕ್ಕಳಲ್ಲ. ೧೯೭೧ರಲ್ಲಿ ಕೆನಡದ ಟೊರೊಂಟೊ ನಗರದ ಶಿಕ್ಷಕಿಯರು ಆ ಸಂಕೇತಗಳನ್ನು ಹಲಗೆಯ ಮೇಲೆ ಜೋಡಿಸಿ, ಮಾತು ಬಾರದ ಮಕ್ಕಳ ಮುಂದಿಟ್ಟರು. ಮಗು ಬೆರಳಿನಿಂದ, ಅದಾಗದಿದ್ದರೆ ಬರಿಯ ನೋಟದಿಂದ, ಬೇಕಾದ ಸಂಕೇತವನ್ನು ಆರಿಸುವುದು. ಎದುರಿನವರು ಕಾದು, ಓದಿ, ಸರಿಯೇ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು. ನಮ್ಮ ದೇಶದಲ್ಲಿ ಮುಂಬಯಿಯಲ್ಲಿ ೧೯೭೨ರಲ್ಲಿಯೂ, ಕಲಕತ್ತೆಯಲ್ಲಿ ೧೯೭೪ರಲ್ಲಿಯೂ, ಬೆಂಗಳೂರಿನಲ್ಲಿ ೧೯೮೦ರಲ್ಲಿಯೂ ಇಂಥ ಮಕ್ಕಳಿಗಾಗಿಯೇ ಸಂಸ್ಥೆಗಳು ಹುಟ್ಟಿದುವು. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾತು ಮತ್ತು ಶ್ರವಣದ ದೋಷಗಳ ಶಾಸ್ತ್ರವನ್ನು ಕನ್ನಡ ನಾಡಿನಲ್ಲಿ ನೆಲೆಗೊಳಿಸಿತು.

ಸಂಕೇತದ ಹಲಗೆಗೂ ಗದುಗಿನ ಬೋಲುಗಳಿಗೂ ಇರುವ ಸಾಮ್ಯವು ಆಕಸ್ಮಿಕವೆಂದು ತೋರುವುದಿಲ್ಲ. ಚಿಕ್ಕದೊಂದು ಗುರುತು ದೊಡ್ಡದೊಂದು ಕ್ರಿಯೆಗೆ ನಿಲ್ಲಬಹುದೆಂದು ಇಬ್ಬರು ಒಪ್ಪಿಕೊಳ್ಳುವುದೇ ಎರಡಕ್ಕೂ ತಳಹದಿ. ಕೈಯ ಮೇಲೆ ಕೈಯಿಟ್ಟು, ಅದನ್ನು ಯಾವಾಗ ಎತ್ತಬೇಕೆಂಬುದನ್ನು ಬಲ್ಲ ಶಿಕ್ಷಕನು ಎರಡಕ್ಕೂ ಬೇಕು. ಭೇದವಿರುವುದು ಸಭೆಯಲ್ಲಿ. ಗವಾಯಿಗೆ ಕಿವಿಗೊಡುವ ಸಭೆಯು ಊರಿನಲ್ಲಿ ಮೊದಲೇ ಇದ್ದಿತು. ಅವನು ಹಾಡುವುದನ್ನು ಕಲಿತರೆ ಸಾಕಾಗಿದ್ದಿತು. ಹಲಗೆಯ ಮೇಲೆ ಕಣ್ಣಿಟ್ಟು ಮಾತಾಡುವ ಮಗುವಿನ ವಿಷಯದಲ್ಲಾದರೋ, ಕಲಿಯಬೇಕಾದವರು ಊರವರೇ.

೧೯೯೭ರಲ್ಲಿ ಗದಗವು ಪ್ರತ್ಯೇಕ ಜಿಲ್ಲೆಯಾಗಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಒಂದೇ ಆಡಳಿತಕ್ಕೆ ಬಂದುವು. ಅಂಗವಿಕಲರ ಹಕ್ಕುಗಳ ೧೯೯೫ರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದರೆ, ಅದರ ಬದಲಿಗೆ ಬಂದ ೨೦೧೬ರ ಕಾನೂನು ಇಪ್ಪತ್ತೊಂದನ್ನು ಹೆಸರಿಸಿ, ಮಿದುಳಿನ ಪಾರ್ಶ್ವವಾಯುವನ್ನೂ, ಕಣ್ಣು-ಕಿವಿಗಳೆರಡೂ ಇಲ್ಲದಿರುವುದನ್ನೂ ಬೇರೆಯಾಗಿ ಎಣಿಸಿರುವುದು. ಆ ಕಾನೂನಿನ ಆರಂಭದಲ್ಲಿ 'ಸಂವಹನ' ಎಂಬ ಪದಕ್ಕೊಂದು ವ್ಯಾಖ್ಯೆಯುಂಟು. ಆಡುವ ಭಾಷೆ, ಬ್ರೈಲ್, ಸ್ಪರ್ಶ, ಸಂಜ್ಞೆ, ದೊಡ್ಡ ಅಕ್ಷರ, ಮತ್ತು ಮಾತಿಗೆ ಪೂರಕವಾದ ಅಥವಾ ಬದಲಿಯಾದ ಇತರ ವಿಧಾನಗಳು, ಇವೆಲ್ಲವೂ ಅದರಲ್ಲಿ ಸೇರುವುವು. ನೃಪತುಂಗನ ಆಸ್ಥಾನದ ಕವಿಯು ಮೂಗರ ವಿಷಯದಲ್ಲಿ 'ಅಱಿಪು' ಎಂಬ ಒಂದೇ ಧಾತುವಿನಲ್ಲಿ ಅಡಗಿಸಿದ್ದುದೂ ಹೆಚ್ಚುಕಡಿಮೆ ಇದೇ ಪಟ್ಟಿ.